ಮಕ್ಕಳ ಭಾಷೆ, ಓದುಬರೆಹ ಮತ್ತು ಕಲಿಕೆಯ ತೊಡಕುಗಳ ಪರೀಕ್ಷಣ

ಮಾತಿನಲ್ಲಿ, ಓದುಬರೆಹದಲ್ಲಿ ಅಥವಾ ಲೆಕ್ಕ ಮುಂತಾದ ಶಾಲಾವಿಷಯಗಳ ಗ್ರಹಣದಲ್ಲಿ ತನ್ನ ಓರಗೆಯವರಿಗಿಂತ ಬಹುವಾಗಿ ಹಿಂದುಳಿದ ಮಗುವನ್ನು ಕ್ರಮವಾಗಿ ಅವಲೋಕಿಸಿ, ಆ ಹಿನ್ನಡೆಯ ಸ್ವರೂಪವನ್ನೂ ಕಾರಣವನ್ನೂ ನಿರ್ಣಯಿಸಿ, ಅದಕ್ಕೆ ತಕ್ಕ ಬೋಧನೆಯ ದಾರಿಯನ್ನು ಗೊತ್ತುಮಾಡುವ ವಿಚಾರಣೆಯೇ ಈ ಪರೀಕ್ಷಣ. ಶಾಲೆಯ ವಾರ್ಷಿಕ ಪರೀಕ್ಷೆಗೂ ಇದಕ್ಕೂ ಉದ್ದೇಶದಲ್ಲಿಯೇ ಭೇದವುಂಟು. ಮಗು ಎಷ್ಟನ್ನು ಕಲಿತಿದೆ ಎಂಬುದನ್ನು ವಾರ್ಷಿಕ ಪರೀಕ್ಷೆ ಕೇಳುತ್ತದೆ. ಕಲಿಯದೆ ಉಳಿದದ್ದು ಏತಕ್ಕಾಗಿ ಉಳಿಯಿತು ಎಂಬುದನ್ನು ಈ ಪರೀಕ್ಷಣ ಕೇಳುತ್ತದೆ. ತೊಡಕು ಮಗುವಿನ ಮೆದುಳಿನ ಬೆಳವಣಿಗೆಯಲ್ಲಿದೆಯೋ, ಕಿವಿಯಲ್ಲಿದೆಯೋ, ಮನೆಮಾತಿಗೂ ಶಾಲೆಯ ಮಾತಿಗೂ ನಡುವೆ ಇರುವ ಅಂತರದಲ್ಲಿದೆಯೋ, ಇಲ್ಲವೆ ಪಾಠವೇ ಸರಿಯಾಗಿ ದೊರೆಯದ್ದರಲ್ಲಿದೆಯೋ ಎಂಬುದನ್ನು ವಿವೇಚಿಸಿ ಬೇರ್ಪಡಿಸುವುದು ಪರೀಕ್ಷಕನ ಮುಖ್ಯ ಕರ್ತವ್ಯವಾಗಿದೆ. ಈ ಶಾಸ್ತ್ರದ ಉಪಕರಣಗಳಲ್ಲಿ ಬಹುಪಾಲು ಇಂಗ್ಲಿಷ್ ಮುಂತಾದ ಪಾಶ್ಚಾತ್ಯ ಭಾಷೆಗಳಲ್ಲಿ ಹುಟ್ಟಿದವಾದ್ದರಿಂದ, ಕನ್ನಡ ಲಿಪಿಯನ್ನು ಕಲಿಯುವ ಮಗುವಿನ ವಿಷಯದಲ್ಲಿ ಅವು ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಈ ಸಮೀಕ್ಷೆಯನ್ನು ಮಾಡಬೇಕಾಗಿದೆ.

ಇಂಥ ವಿಚಾರಣೆಗೆ ಮೊದಲು ಕೈಹಾಕಿದವರು ವೈದ್ಯರು. ಜರ್ಮನಿಯ ಅಡಾಲ್ಫ್ ಕುಸ್‌ಮಾಲ್ ಅವರು 1877ರಲ್ಲಿ, ದೃಷ್ಟಿಯೂ ಮಾತೂ ನೆಟ್ಟಗಿದ್ದು ಓದುವ ಶಕ್ತಿಯೊಂದನ್ನೇ ಕಳೆದುಕೊಂಡ ರೋಗಿಗಳ ಅವಸ್ಥೆಗೆ ಪದಾಂಧತೆಯೆಂದು ಹೆಸರಿಟ್ಟರು. ಮುಂದಿನ ದಶಕದಲ್ಲಿ ಸ್ಟಟ್‌ಗಾರ್ಟಿನ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ ಅವರು ಇಂಥ ಓದಿನ ತೊಡಕಿಗೆ ಡಿಸ್ಲೆಕ್ಸಿಯಾ ಎಂಬ ಪದವನ್ನು ಬಳಕೆಗೆ ತಂದರು. ಇವರು ಕಂಡದ್ದು ಮೆದುಳಿಗೆ ಆಘಾತ ತಗುಲಿದ ವಯಸ್ಕರನ್ನು. ಯಾವ ಆಘಾತವೂ ಇಲ್ಲದೆ ಹುಟ್ಟಿನಿಂದಲೇ ಇಂಥ ತೊಡಕು ಇರಬಹುದೆಂಬುದನ್ನು 1896ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ವರದಿ ಮಾಡಿದವರು ಇಂಗ್ಲೆಂಡಿನ ಸೀಫರ್ಡ್ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್. ಅವರು ವರ್ಣಿಸಿದ ಹುಡುಗನಿಗೆ ಹದಿನಾಲ್ಕು ವರ್ಷ. ಏಳು ವರ್ಷದವನಾಗಿದ್ದಾಗಿನಿಂದ ಪಾಠ ನಡೆದಿದ್ದರೂ ಅವನಿಗೆ ಸಾಮಾನ್ಯ ಪದಗಳೂ ಓದಲು ಬರುತ್ತಿರಲಿಲ್ಲ, ತನ್ನ ಹೆಸರನ್ನೇ ಅಕ್ಷರ ಅದಲುಬದಲಾಗಿ ಬರೆಯುತ್ತಿದ್ದನು. ಆದರೆ 749ನ್ನು 867ರಿಂದ ಗುಣಿಸೆಂದಾಗ ತಡವರಿಸದೆ ಸರಿಯಾಗಿ ಗುಣಿಸಿದನು. ಪಾಠವೆಲ್ಲವೂ ಬಾಯಿಮಾತಿನಲ್ಲಿ ನಡೆಯುವುದಾಗಿದ್ದರೆ ಶಾಲೆಯಲ್ಲಿ ಇವನಿಗಿಂತ ಚುರುಕಾದವನು ಇರುತ್ತಿರಲಿಲ್ಲವೆಂದು ಅವನ ಉಪಾಧ್ಯಾಯರು ಅಭಿಪ್ರಾಯಪಟ್ಟಿದ್ದರು. ಆ ಉಪಾಧ್ಯಾಯರ ಮಾತನ್ನು ವೈದ್ಯರು ತಮ್ಮ ವರದಿಯಲ್ಲಿ ಸೇರಿಸಿಕೊಂಡದ್ದು ಈ ಶಾಸ್ತ್ರಕ್ಕೆ ಒಳ್ಳೆಯ ಆರಂಭವೇ ಆಯಿತು. ದಿನವೂ ಮಗುವಿನೊಡನೆ ಇರುವವರ ಸಾಕ್ಷ್ಯವನ್ನು ಬಿಟ್ಟು ಪರೀಕ್ಷೆ ಪೂರ್ಣವಾಗಲಾರದು. ಗ್ಲಾಸ್ಗೋ ನಗರದ ಜೇಮ್ಸ್ ಹಿನ್‌ಶೆಲ್‌ವುಡ್ ಅವರು 1917ರಲ್ಲಿ ಈ ಸಹಜ ಪದಾಂಧತೆಯ ಮೇಲೆ ಗ್ರಂಥವನ್ನೇ ಬರೆದರು. ಅಮೆರಿಕದ ಅಯೋವದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಅವರು 1925ರಿಂದ ಮುಂದೆ, ಅಕ್ಷರಗಳನ್ನು ತಿರುಗಮುರುಗ ಕಾಣುವ ಮಕ್ಕಳನ್ನು ಅಭ್ಯಸಿಸಿ, ಕಣ್ಣಿನ ದೋಷದಿಂದ ಮೆದುಳಿನ ಭಾಷಾವ್ಯಾಪಾರದ ಕಡೆಗೆ ವಿಚಾರವನ್ನು ತಿರುಗಿಸಿದರು.

ವೈದ್ಯರ ಈ ಮಾರ್ಗದ ಪಕ್ಕದಲ್ಲಿಯೇ ಮನಶ್ಶಾಸ್ತ್ರಜ್ಞರ ಮಾರ್ಗವೊಂದು ಬೆಳೆಯಿತು. ಸಾಮಾನ್ಯ ತರಗತಿಯ ಪಾಠದಿಂದ ಪ್ರಯೋಜನ ಪಡೆಯಲಾರದ ಮಕ್ಕಳನ್ನು ಗುರುತಿಸುವ ಉಪಾಯವನ್ನು ಸೂಚಿಸಲು 1904ರಲ್ಲಿ ಫ್ರಾನ್ಸಿನ ಶಿಕ್ಷಣಖಾತೆ ನೇಮಿಸಿದ ಆಯೋಗದ ಪರಿಣಾಮವಾಗಿ, ಆಲ್ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ ಎಂಬವರು 1905ರಲ್ಲಿ ತಮ್ಮ ಪ್ರಸಿದ್ಧ ಬುದ್ಧಿಪರೀಕ್ಷೆಯನ್ನು ರಚಿಸಿದರು. ಅದನ್ನು ಅಮೆರಿಕದಲ್ಲಿ ಲೂಯಿಸ್ ಟರ್ಮನ್ ಅವರು 1916ರಲ್ಲಿ ಪರಿಷ್ಕರಿಸಿದ ಮೇಲೆ ಬುದ್ಧಿಲಬ್ಧವೆಂಬ ಅಂಕಿ ಲೋಕದಲ್ಲೆಲ್ಲ ಹರಡಿತು. ಬುದ್ಧಿಯು ಬದಲಾಗದ ಸ್ಥಿರಪ್ರಮಾಣವೆಂದು ಸಾರುವವರನ್ನು ಬಿನೆಯವರು ಕಟುವಾಗಿ ವಿರೋಧಿಸಿದ್ದರು. ಅವರ ಪರೀಕ್ಷೆ ಸಮುದ್ರ ದಾಟಿ ಹೋಯಿತು, ಅವರ ಎಚ್ಚರಿಕೆ ಹೋಗಲಿಲ್ಲ. ಕನ್ನಡನಾಡಿಗೆ ಈ ಪರೀಕ್ಷೆಯನ್ನು ತಂದವರು ವಿ. ವಿ. ಕಾಮತರು. ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆ ಪ್ರಯೋಗಿಸಿ ಅವರು 1930ರ ದಶಕದಲ್ಲಿ ಸಿದ್ಧಪಡಿಸಿದ ರೂಪ, ಭಾರತದ ಮಕ್ಕಳ ಬುದ್ಧಿಮಾಪನವನ್ನು ಕುರಿತು 1940ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಮೂಲಕ ದೇಶಕ್ಕೆ ಪರಿಚಿತವಾಗಿ, ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಪರಭಾಷೆಯ ಪರೀಕ್ಷೆಯನ್ನು ಭಾಷಾಂತರಿಸಿದರೆ ಸಾಲದು, ಸ್ಥಳೀಯ ಮಕ್ಕಳನ್ನು ಪರೀಕ್ಷಿಸಿ ಪ್ರಶ್ನೆಗಳ ಕ್ರಮವನ್ನೂ ವಯೋಮಾನವನ್ನೂ ಹೊಸದಾಗಿ ನಿಶ್ಚಯಿಸಬೇಕು ಎಂಬ ತತ್ತ್ವವನ್ನು ಅಷ್ಟು ಮುಂಚೆಯೇ ಆಚರಿಸಿ ತೋರಿಸಿದ ಕಾಮತರ ಕೆಲಸಕ್ಕೆ ಕನ್ನಡಿಗರಲ್ಲಿ ದೊರೆಯಬೇಕಾದಷ್ಟು ಗೌರವ ದೊರೆತಿಲ್ಲ.

ಕಲಿಕಾ ನ್ಯೂನತೆ ಎಂಬ ವ್ಯಾಪಕ ಪರಿಭಾಷೆ ಬಂದದ್ದು 1963ರಲ್ಲಿ, ಶಿಕಾಗೋ ನಗರದಲ್ಲಿ ನೆರೆದ ತಂದೆತಾಯಿಗಳ ಸಭೆಯೊಂದರಲ್ಲಿ ಸ್ಯಾಮ್ಯುಯೆಲ್ ಕರ್ಕ್ ಅವರು ಮಾಡಿದ ಭಾಷಣದ ಮೂಲಕ. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ, ಬುದ್ಧಿಲಬ್ಧ ಹೆಚ್ಚಾಗಿದ್ದು ಓದಿನ ಅಂಕ ಕಡಿಮೆಯಿದ್ದರೆ ಆ ಅಂತರವೇ ನ್ಯೂನತೆಯ ಲಕ್ಷಣವೆಂದು ಪರಿಗಣಿಸುವ ಪದ್ಧತಿ ನಡೆಯಿತು. ಈ ಪದ್ಧತಿಯಲ್ಲಿ ಎರಡು ದೋಷಗಳು ಕಂಡುಬಂದವು. ಓದು ಬಾರದ ಮಗುವಿನ ಶಬ್ದಭಂಡಾರವೂ ಲೋಕಜ್ಞಾನವೂ ವರ್ಷೇ ವರ್ಷೇ ಸೊರಗುವುದರಿಂದ ಬುದ್ಧಿಪರೀಕ್ಷೆಯ ಅಂಕವೇ ಇಳಿದು ಅಂತರ ಮುಚ್ಚಿಹೋಗುವುದು ಒಂದು. ಅಂತರ ಸಾಕಷ್ಟು ದೊಡ್ಡದಾಗುವವರೆಗೆ ಕಾಯುತ್ತ ಕೂತು, ಸಹಾಯಕ್ಕೆ ಅತ್ಯಂತ ಅನುಕೂಲವಾದ ಮೊದಲ ವರ್ಷಗಳನ್ನು ಕಳೆದುಕೊಳ್ಳುವುದು ಇನ್ನೊಂದು. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಈ ಅಂತರದ ನಿಯಮವನ್ನು ಕೈಬಿಟ್ಟು, ತಕ್ಕ ಸಹಾಯ ದೊರೆತ ಮೇಲೂ ಕನಿಷ್ಠ ಆರು ತಿಂಗಳ ಕಾಲ ತೊಡಕು ಮುಂದುವರಿದಿರಬೇಕೆಂಬ ನಿಯಮವನ್ನು ಅಂಗೀಕರಿಸಿತು. ಸಹಾಯ ಮೊದಲು, ನಿರ್ಣಯ ಆಮೇಲೆ ಎಂಬ ಈ ಕ್ರಮವ್ಯತ್ಯಾಸ ಸಣ್ಣದೆಂದು ತೋರಿದರೂ ಮಗುವಿನ ಪಾಲಿಗೆ ಬಹು ದೊಡ್ಡದು.

ಕರ್ನಾಟಕದಲ್ಲಿ ಈ ಕಾರ್ಯಕ್ಕೆ ಭದ್ರವಾದ ನೆಲೆ ದೊರೆತದ್ದು ಮೈಸೂರು ಬೆಂಗಳೂರುಗಳಲ್ಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಕನ್ನಡ ಮಕ್ಕಳ ಉಚ್ಚಾರವನ್ನು ಪರೀಕ್ಷಿಸುವ ಚಿತ್ರಾವಳಿ ಅಲ್ಲಿಯ ವಿದ್ವಾಂಸರಿಂದ 1972ರಷ್ಟು ಹಿಂದೆಯೇ ಸಿದ್ಧವಾಯಿತು. ಪ್ರತಿಭಾ ಕಾರಂತರು ಕನ್ನಡದ ಧ್ವನಿ, ವ್ಯಾಕರಣ, ಅರ್ಥ ಈ ಮೂರು ಸ್ತರಗಳನ್ನೂ ಒಳಗೊಳ್ಳುವ ಭಾಷಾಪರೀಕ್ಷೆಯನ್ನು ರಚಿಸಿದರು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಎಸ್. ರಮಾ ಅವರು 1980ರ ದಶಕದಲ್ಲಿ, ಕನ್ನಡದಲ್ಲಿಯೇ ಓದು ಕಲಿಯುವ ಮಕ್ಕಳ ಡಿಸ್ಲೆಕ್ಸಿಯಾವನ್ನು ಗುರುತಿಸುವ ಹಾಗೂ ಪರಿಹಾರಬೋಧನೆ ನೀಡುವ ಕ್ರಮವನ್ನು ಶೋಧಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಾಳವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು ಸಿದ್ಧಪಡಿಸಿದ ಪರೀಕ್ಷಾಸಮುಚ್ಚಯ, ಐದರಿಂದ ಏಳು ವರ್ಷದವರಿಗೊಂದು, ಎಂಟರಿಂದ ಹನ್ನೆರಡು ವರ್ಷದವರಿಗೊಂದು ಹೀಗೆ ಎರಡು ಹಂತಗಳಲ್ಲಿ, ಅವಧಾನ, ಕಣ್ಣು ಕೈಗಳ ಹೊಂದಾಣಿಕೆ, ಸ್ಮರಣೆ, ಓದು, ಕಾಗುಣಿತ, ಗ್ರಹಣ, ಅಂಕಗಣಿತ ಇವುಗಳನ್ನು ಪರಿಶೀಲಿಸುತ್ತದೆ. 2015ರಲ್ಲಿ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದಿಂದ ಹೊರಬಂದ ‘ಡಾಲಿ’ ಎಂಬ ಉಪಕರಣ, ಹಿಂದಿ ಮರಾಠಿ ಇಂಗ್ಲಿಷ್‌ಗಳ ಜೊತೆಗೆ ಕನ್ನಡದಲ್ಲಿಯೂ ದೊರೆಯುತ್ತದೆ.

ಪರೀಕ್ಷಣದ ಮೊದಲ ಮೆಟ್ಟಿಲು ಪೂರ್ವವೃತ್ತಾಂತ ಸಂಗ್ರಹ. ಮಗು ಮೊದಲ ಮಾತನ್ನು ಆಡಿದ್ದು ಯಾವಾಗ, ಎರಡು ಪದಗಳನ್ನು ಕೂಡಿಸಿದ್ದು ಯಾವಾಗ, ಕಿವಿ ಸೋರುತ್ತಿತ್ತೇ, ಮನೆತನದಲ್ಲಿ ಓದು ತಡವಾಗಿ ಬಂದವರಿದ್ದಾರೆಯೇ, ಮನೆಯಲ್ಲಿ ಅಜ್ಜಿಯೊಡನೆ ಯಾವ ಮಾತು, ಬೀದಿಯಲ್ಲಿ ಯಾವ ಮಾತು ಎಂಬುದನ್ನೆಲ್ಲ ತಾಯಿಯ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ಮಗು ಶಾಲೆಗೆ ನಿಜವಾಗಿ ಹೋದ ದಿನಗಳೆಷ್ಟು ಎಂಬುದು ಕೂಡ ಅಷ್ಟೇ ಮುಖ್ಯ. ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳು, ಕಬ್ಬಿನ ಕಟಾವಿಗೆ ತಂದೆತಾಯಿಗಳ ಬೆನ್ನುಹತ್ತಿ ಗದ್ದೆಯಿಂದ ಗದ್ದೆಗೆ ಸಾಗುವ ಮಕ್ಕಳು, ಹಾಜರಿ ಪುಸ್ತಕದಲ್ಲಿ ಮೂರನೆಯ ತರಗತಿಯವರಾಗಿದ್ದರೂ ಕೂತು ಪಾಠ ಕೇಳಿದ ಕಾಲ ಒಂದು ವರ್ಷವೂ ಆಗಿರಲಾರದು. ಅಂಥವರನ್ನು ಮೂರನೆಯ ತರಗತಿಯ ಮಾನದಿಂದ ಅಳೆದು ನ್ಯೂನತೆಯುಳ್ಳವರೆಂದು ಹೇಳುವುದು ಅಧ್ಯಯನದ ದೃಷ್ಟಿಯಿಂದ ತಪ್ಪು, ನ್ಯಾಯದ ದೃಷ್ಟಿಯಿಂದ ಇನ್ನೂ ದೊಡ್ಡ ತಪ್ಪು. ವೃತ್ತಾಂತದ ಬಳಿಕ ಶ್ರವಣ ಮತ್ತು ದೃಷ್ಟಿಯ ಪರೀಕ್ಷೆ ಆಗಲೇಬೇಕು. ಮಧ್ಯಕಿವಿಯ ಸೋಂಕಿನಿಂದ ಅಲ್ಪಪ್ರಮಾಣದಲ್ಲಿ, ಬಿಟ್ಟುಬಿಟ್ಟು ಉಂಟಾಗುವ ಕಿವುಡು ಮನೆಯವರ ಗಮನಕ್ಕೆ ಬಾರದೆಯೇ ಉಳಿಯುತ್ತದೆ. ಎದುರಿಗೆ ನಿಂತು ಕರೆದರೆ ಓಗೊಡುವ ಮಗು, ಗದ್ದಲದ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತಾಗ ಪದಾಂತ್ಯದ ಪ್ರತ್ಯಯಗಳನ್ನು ಕೇಳಿಸಿಕೊಳ್ಳದೆ ಹೋಗಬಹುದು. ಕನ್ನಡದಂಥ ಭಾಷೆಯಲ್ಲಿ ವಾಕ್ಯದ ಅನ್ವಯವೆಲ್ಲ ಆ ಪ್ರತ್ಯಯಗಳ ಮೇಲೆ ನಿಂತಿದೆ.

ಭಾಷೆಯ ಪರೀಕ್ಷೆಯಲ್ಲಿ ಗ್ರಹಣಶಕ್ತಿಯನ್ನೂ ಅಭಿವ್ಯಕ್ತಿಯನ್ನೂ ಬೇರೆಬೇರೆಯಾಗಿ ನೋಡುವುದು ವಾಡಿಕೆ. ಹೆಸರು ಹೇಳಿದ ಚಿತ್ರವನ್ನು ತೋರಿಸುವುದು, ಹೇಳಿದಂತೆ ಮಾಡುವುದು, ವಾಕ್ಯವನ್ನು ಕೇಳಿ ತಿರುಗಿ ಹೇಳುವುದು, ಅರ್ಥವಿಲ್ಲದ ಕಲ್ಪಿತ ಪದಗಳನ್ನು ಅನುಕರಿಸುವುದು, ಚಿತ್ರಮಾಲೆಯನ್ನು ನೋಡಿ ಕಥೆ ಹೇಳುವುದು ಇವು ರೂಢಿಯ ಕ್ರಮಗಳು. ಇವುಗಳಲ್ಲಿ ಕಥನ ಅತ್ಯಂತ ಫಲಪ್ರದವಾದುದು. ಐದಾರು ವರ್ಷದ ಕನ್ನಡದ ಮಗು ಕಥೆ ಹೇಳುವಾಗ ‘ಹೋಗಿ’, ‘ತಿಂದು’, ‘ಮಲಗಿಕೊಂಡು’ ಎಂಬ ಅವ್ಯಯಗಳನ್ನು ಪೋಣಿಸಿ ಘಟನೆಗಳನ್ನು ಸೇರಿಸುತ್ತದೆಯೋ, ‘ನಿನ್ನೆ ಬಂದಿದ್ದ ಮಾವ’ ಎಂಬಂಥ ವಿಶೇಷಣವಾಕ್ಯಗಳನ್ನು ಕಟ್ಟಬಲ್ಲದೋ, ಚತುರ್ಥೀ ಸಪ್ತಮೀ ಪ್ರತ್ಯಯಗಳು ಅದರ ಬಾಯಲ್ಲಿ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆಯೋ ಎಂಬುದನ್ನು ಬರೆದಿಟ್ಟ ಕಥೆಯಿಂದ ಎಣಿಸಿ ಹೇಳಬಹುದು. ಮಾತಿನ ಇಂಥ ತೊಡಕು ವಿರಳವಾದುದಲ್ಲ: ಅಯೋವದಲ್ಲಿ ಬ್ರೂಸ್ ಟಾಂಬ್ಲಿನ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಶಾಲೆಗೆ ಕಾಲಿಡುವ ವಯಸ್ಸಿನ ಮಕ್ಕಳಲ್ಲಿ ಶೇಕಡ 7.4ರಷ್ಟು ಮಂದಿಯಲ್ಲಿ ಬೇರಾವ ಕಾರಣವೂ ಇಲ್ಲದ ಭಾಷಾತೊಡಕು ಕಂಡುಬಂದಿತು. ಅವರಲ್ಲಿ ಅನೇಕರು ಮುಂದೆ ಓದಿನಲ್ಲಿಯೂ ಕಷ್ಟಪಡುವರಾದ್ದರಿಂದ ಮಾತಿನ ಪರೀಕ್ಷೆಯೂ ಓದಿನ ಪರೀಕ್ಷೆಯೂ ಬೇರೆಬೇರೆ ಕೊಠಡಿಗಳಲ್ಲಿ, ಒಬ್ಬರಿಗೊಬ್ಬರು ಮಾತನಾಡದ ತಜ್ಞರಿಂದ ನಡೆಯುವುದು ಸಾಧುವಲ್ಲ.

ಪ್ರಾಂತಭೇದದಿಂದ ಬಂದ ರೂಪವನ್ನು ತೊಡಕೆಂದು ಭ್ರಮಿಸುವ ಅಪಾಯ ಇಲ್ಲಿ ಪದೇಪದೇ ಎದುರಾಗುತ್ತದೆ. ಧಾರವಾಡದ ಕಡೆಯ ಮಗು ‘ಮನೆ’ ಎಂದು ಬರೆದಿರುವುದನ್ನು ‘ಮನಿ’ ಎಂದು ಓದಿದರೆ ಅದು ಓದಿನ ತಪ್ಪಲ್ಲ. ಅಕ್ಷರವನ್ನು ಗ್ರಹಿಸಿ ಪದವನ್ನು ಗುರುತಿಸಿ ತನ್ನ ಮನೆಯ ಉಚ್ಚಾರದಲ್ಲಿ ಹೇಳಿದ ಸಮರ್ಥ ಓದು ಅದು. ಹಳೆಯ ಮೈಸೂರು ಸೀಮೆಯ ಹಳ್ಳಿಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದರೂ, ಹವ್ಯಕರ ಮನೆಯ ಮಗು ಅಕ್ಕನನ್ನು ಕುರಿತು ನಪುಂಸಕಲಿಂಗದ ಕ್ರಿಯಾಪದವನ್ನು ಬಳಸಿದರೂ, ಅವರವರ ಸೀಮೆಯ ವ್ಯಾಕರಣದಂತೆ ಅವರು ನಿರ್ದೋಷಿಗಳು. ಮನೆಯಲ್ಲಿ ತುಳು, ಕೊಂಕಣಿ, ದಖನಿ ಉರ್ದು, ತೆಲುಗು, ಲಂಬಾಣಿ, ಕೊಡವ ಮಾತನಾಡಿ ಶಾಲೆಯಲ್ಲಿ ಕನ್ನಡವನ್ನು ಕೇಳುವ, ಅಥವಾ ಮನೆಯ ಕನ್ನಡವನ್ನು ಬಿಟ್ಟು ಇಂಗ್ಲಿಷ್ ಮಾಧ್ಯಮದ ಬೆಂಚಿನ ಮೇಲೆ ಕೂತ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ವಿವೇಚನೆ ಬೇಕು. ನಿಜವಾದ ಭಾಷಾತೊಡಕು ಮಗು ಆಡುವ ಎಲ್ಲ ಮಾತುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ; ಶಾಲೆಯ ಮಾತಿನಲ್ಲಿ ಮಾತ್ರ ತಡವರಿಸಿ ಮನೆಮಾತಿನಲ್ಲಿ ಸರಾಗವಾಗಿ ಕಥೆ ಹೇಳುವ ಮಗುವಿಗೆ ಬೇಕಾದದ್ದು ಆ ಎರಡನೆಯ ಭಾಷೆಯ ಸಂಪರ್ಕ, ಚಿಕಿತ್ಸೆಯಲ್ಲ. ಆದಕಾರಣ ಮನೆಮಾತಿನಲ್ಲಿ ಪರೀಕ್ಷಿಸದೆ ಭಾಷಾತೊಡಕಿನ ನಿರ್ಣಯವನ್ನು ಕೊಡಬಾರದು. ಪರೀಕ್ಷಕನಿಗೆ ಆ ಮಾತು ಬಾರದಿದ್ದರೆ, ಬಲ್ಲವರನ್ನು ಜೊತೆಗೆ ಕೂರಿಸಿಕೊಳ್ಳುವುದಕ್ಕೆ ಖರ್ಚು ಹೆಚ್ಚೆಂಬ ಆಕ್ಷೇಪವನ್ನು ಒಪ್ಪಲಾಗದು. ತಪ್ಪು ನಿರ್ಣಯದ ಖರ್ಚನ್ನು ಮಗು ಜೀವಮಾನವಿಡೀ ತೆರುತ್ತದೆ.

ಓದಿನ ವಿಚಾರಕ್ಕೆ ಬಂದರೆ, ಲಿಪಿಯ ಸ್ವರೂಪವೇ ಮೊದಲು ತಿಳಿಯಬೇಕಾದ ಸಂಗತಿ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಹೆಸರುಗಳನ್ನು ಮಗು ಒಂದೆರಡು ವರ್ಷಗಳಲ್ಲಿ ಕಲಿತು ಮುಗಿಸುತ್ತದೆ, ಆಮೇಲೆ ಆ ಭಾಷೆಯ ಅನಿಯತವಾದ ಕಾಗುಣಿತದೊಡನೆ ಹಲವು ವರ್ಷ ಹೋರಾಡುತ್ತದೆ. ಕನ್ನಡದ ಮಗುವಿನ ಕಷ್ಟ ಬೇರೆ. ಇಲ್ಲಿ ಬರೆದಂತೆ ಓದಬಹುದು. ಆದರೆ ಬರೆಹದ ಆಕಾರಗಳು ಬಹಳ. ಮೂಲಾಕ್ಷರಗಳು ಐವತ್ತರ ಒಳಗಿದ್ದರೂ, ಪ್ರತಿಯೊಂದು ವ್ಯಂಜನಕ್ಕೂ ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಓತ್ವ ಮುಂತಾದವು ಸೇರಿ ಹುಟ್ಟುವ ಗುಣಿತಾಕ್ಷರಗಳು ನಾನೂರನ್ನು ಮೀರುತ್ತವೆ. ಒತ್ತಕ್ಷರಗಳ ಲೆಕ್ಕ ಇದಕ್ಕೆ ಹೊರತು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡ ಮಕ್ಕಳ ಅಕ್ಷರಸಂಪಾದನೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತಲೇ ಇರುವುದನ್ನು ತೋರಿಸಿತು. ಎರಡನೆಯ ತರಗತಿಯ ಮಗುವಿಗೆ ಒತ್ತಕ್ಷರಗಳೆಲ್ಲ ಬಾರದಿದ್ದರೆ ಅದರಲ್ಲಿ ಆತಂಕಕ್ಕೆ ಕಾರಣವಿಲ್ಲ. ಇಂಗ್ಲಿಷ್ ಮಕ್ಕಳ ಕಾಲಮಾನವನ್ನು ಇಲ್ಲಿ ಹೇರಿದರೆ ಸ್ವಸ್ಥವಾಗಿ ಕಲಿಯುತ್ತಿರುವ ಮಕ್ಕಳೂ ರೋಗಿಗಳಾಗಿ ಎಣಿಕೆಗೊಳ್ಳುವರು.

ಕನ್ನಡ ಲಿಪಿಯಲ್ಲಿ ಕಾಣುವ ಕ್ರಮವೂ ಕೇಳುವ ಕ್ರಮವೂ ಎಲ್ಲೆಡೆಯೂ ಒಂದೇ ಅಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡಿ: ಗುಡಿಸು ಸಕಾರದ ನೆತ್ತಿಯ ಮೇಲೆ ಕೂತಿದೆ, ಆದರೆ ಆ ಸ್ವರ ಕೇಳಿಸುವುದು ಕೆಳಗಿನ ತಕಾರ ರಕಾರಗಳು ಮುಗಿದ ಮೇಲೆ. ಅರ್ಕಾವೊತ್ತನ್ನು ಬಳಸಿ ‘ಅರ್ಥ’ ಎಂದು ಬರೆದಾಗ, ಕಿವಿಗೆ ಮೊದಲು ಬೀಳುವ ರಕಾರ ಕಣ್ಣಿಗೆ ಥಕಾರದ ಬಳಿಕ ಕಾಣುತ್ತದೆ. ಇಂಥ ಸ್ಥಳಗಳಲ್ಲಿ ಮಗು ಎಡವುವುದು ಸಹಜ. ಓರಗೆಯವರೆಲ್ಲ ದಾಟಿಹೋದ ಮೇಲೂ, ಬಿಡಿಸಿ ಹೇಳಿಕೊಟ್ಟ ಮೇಲೂ ಅಲ್ಲಿಯೇ ಎಡವುತ್ತಿದ್ದರೆ ಅದು ಪರೀಕ್ಷಕನ ಗಮನಕ್ಕೆ ಅರ್ಹವಾದ ಸಂಗತಿ. ಆಕಾರಸಾಮ್ಯವುಳ್ಳ ದ, ಥ, ಧ, ಢ ಅಥವಾ ಪ, ಷ, ಫ, ವ ಎಂಬ ಗುಂಪುಗಳಲ್ಲಿ ಒಂದಕ್ಕೊಂದು ತಪ್ಪಾಗುವುದನ್ನೂ ಇದೇ ರೀತಿ ವಿವೇಚಿಸತಕ್ಕದ್ದು.

ಪದವನ್ನು ಧ್ವನಿಗಳಾಗಿ ಒಡೆಯುವ ಶಕ್ತಿ ಓದಿನ ಬುನಾದಿಯೆಂಬುದನ್ನು, ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ ಅವರು ನೇಚರ್ ಪತ್ರಿಕೆಯಲ್ಲಿ 1983ರಲ್ಲಿ ಪ್ರಕಟಿಸಿದ ಅಧ್ಯಯನ ಬಲವಾಗಿ ಸಮರ್ಥಿಸಿತು. ಅದರಿಂದ ಪ್ರೇರಿತರಾಗಿ ಎಲ್ಲೆಡೆಯೂ ಧ್ವನಿಮಾ ಪರೀಕ್ಷೆಗಳು ಹುಟ್ಟಿಕೊಂಡವು. ಕನ್ನಡದಲ್ಲಿ ‘ಕಮಲ’ ಎಂಬಲ್ಲಿ ಮೊದಲ ಅಕ್ಷರವನ್ನು ಬಿಟ್ಟು ಹೇಳು ಎಂದರೆ ಮಕ್ಕಳು ‘ಮಲ’ ಎಂದು ಸುಲಭವಾಗಿ ಹೇಳುತ್ತಾರೆ. ‘ಬಲೆ’ ಎಂಬಲ್ಲಿ ಮೊದಲ ವ್ಯಂಜನವನ್ನಷ್ಟೇ ತೆಗೆದು ‘ಅಲೆ’ ಎನ್ನುವುದು ಅನೇಕರಿಗೆ ಅಸಾಧ್ಯವಾಗುತ್ತದೆ, ಏಕೆಂದರೆ ಲಿಪಿ ಅವರಿಗೆ ಕಲಿಸಿರುವುದು ಅಕ್ಷರವನ್ನು, ಬಿಡಿ ಧ್ವನಿಯನ್ನಲ್ಲ. ಪ್ರಕಾಶ್, ರೇಖಾ, ನಿಗಮ್ ಮತ್ತು ಕಾರಂತರು 1993ರಲ್ಲಿ ಪ್ರಕಟಿಸಿದ ಲೇಖನದಿಂದ ತಿಳಿದುಬಂದಂತೆ, ಇಂಥ ಲಿಪಿಯನ್ನಷ್ಟೇ ಬಲ್ಲ ಸಮರ್ಥ ಓದುಗರೂ ಧ್ವನಿಮಾವನ್ನು ಅಳಿಸುವ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ. ಹಾಗಿರುವಾಗ ಇಂಗ್ಲಿಷಿನ ಧ್ವನಿಮಾ ಪರೀಕ್ಷೆಯನ್ನು ಪದ ಬದಲಿಸಿ ಕನ್ನಡಕ್ಕೆ ತಂದು, ಅದರಲ್ಲಿ ತಪ್ಪಿದವರನ್ನೆಲ್ಲ ಡಿಸ್ಲೆಕ್ಸಿಯಾ ಉಳ್ಳವರೆಂದು ಕರೆಯುವುದು ಎಂಥ ಪ್ರಮಾದವೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಮೊದಲ ತರಗತಿಗಳಲ್ಲಿ ಅಕ್ಷರಮಟ್ಟದ ಅರಿವನ್ನು, ಮೇಲಿನ ತರಗತಿಗಳಲ್ಲಿ ಅದರೊಡನೆ ಧ್ವನಿಮಾ ಅರಿವನ್ನು ನೋಡುವುದು ಯುಕ್ತವಾದ ಕ್ರಮ.

ಗಟ್ಟಿಓದನ್ನು ಪರೀಕ್ಷಿಸುವಾಗ ಮಗು ಕಂಡಿರದ ಪಾಠವನ್ನೇ ಕೊಡಬೇಕು. ನಮ್ಮ ಶಾಲೆಗಳಲ್ಲಿ ಪಾಠವನ್ನು ಗುಂಪಾಗಿ ಹೇಳಿ ಹೇಳಿ ಬಾಯಿಪಾಠ ಮಾಡಿದ ಮಗು, ಪುಸ್ತಕದ ಸಾಲುಗಳ ಮೇಲೆ ಬೆರಳಾಡಿಸುತ್ತ ಪುಟವನ್ನೆಲ್ಲ ಒಪ್ಪಿಸಿಬಿಡುತ್ತದೆ. ಅದೇ ಪುಟದ ನಡುವಿನ ಒಂದು ಪದವನ್ನು ಬೇರೆ ಚೀಟಿಯಲ್ಲಿ ಬರೆದು ತೋರಿಸಿದರೆ ಮೌನ ತಾಳುತ್ತದೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಸರಳ ಸಾಧನ, ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ಪರಿಚ್ಛೇದ, ಎರಡನೆಯ ತರಗತಿಯ ಮಟ್ಟದ ಕಥೆ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಮಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮನೆಯ ಜಗಲಿಯಲ್ಲಿ ಕೂತು ಕೆಲವು ನಿಮಿಷಗಳಲ್ಲಿ ತಿಳಿಸುತ್ತದೆ. ಅದು ಕಾರಣವನ್ನು ಹೇಳಲಾರದು, ಹೇಳುವೆನೆಂದು ಹೇಳಿಕೊಂಡೂ ಇಲ್ಲ. ಆದರೆ ವಿಚಾರಣೆಯನ್ನು ಎಲ್ಲಿಂದ ತೊಡಗಬೇಕೆಂಬುದನ್ನು ತೋರಿಸುತ್ತದೆ. ನಿಯತವಾದ ಕಾಗುಣಿತವುಳ್ಳ ಜರ್ಮನ್ ಮುಂತಾದ ಭಾಷೆಗಳಲ್ಲಿ ಡಿಸ್ಲೆಕ್ಸಿಯಾ ಉಳ್ಳ ಮಕ್ಕಳು ತಪ್ಪಾಗಿ ಓದುವುದಕ್ಕಿಂತ ನಿಧಾನವಾಗಿ ಓದುವುದೇ ಹೆಚ್ಚು. ಕನ್ನಡದಲ್ಲಿಯೂ ಅಕ್ಷರ ಅಕ್ಷರವಾಗಿ ಕೂಡಿಸಿಕೊಂಡು, ಪದದ ಕೊನೆ ಮುಟ್ಟುವ ಹೊತ್ತಿಗೆ ಮೊದಲನ್ನು ಮರೆಯುವ ಓದು ಪರೀಕ್ಷಕರಿಗೆ ಚಿರಪರಿಚಿತ. ಪ್ರತ್ಯಯಗಳನ್ನು ಬೆನ್ನಿಗೆ ಬೆನ್ನಾಗಿ ಹೊತ್ತ ನಮ್ಮ ದೀರ್ಘಪದಗಳಲ್ಲಿ ಈ ನಿಧಾನ ಅರ್ಥವನ್ನೇ ನುಂಗಿಬಿಡುತ್ತದೆ. ಆದ್ದರಿಂದ ತಪ್ಪುಗಳ ಎಣಿಕೆಯ ಜೊತೆಗೆ ಕಾಲವನ್ನೂ ಗುರುತಿಸಬೇಕು.

ಓದಿದ್ದು ಅರ್ಥವಾಗಬೇಕಾದರೆ ಅಕ್ಷರಬಿಡಿಸುವ ಶಕ್ತಿಯೂ ಮಾತನ್ನು ಗ್ರಹಿಸುವ ಶಕ್ತಿಯೂ ಒಟ್ಟಿಗೆ ಬೇಕು, ಇವೆರಡರ ಗುಣಲಬ್ಧವೇ ಗ್ರಹಿಕೆ ಎಂದು ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಅವರು 1986ರಲ್ಲಿ ಮಂಡಿಸಿದ ಸಿದ್ಧಾಂತ ಪರೀಕ್ಷಕರಿಗೆ ಬಹಳ ಉಪಯುಕ್ತವಾಗಿದೆ. ಒಂದೇ ಮಟ್ಟದ ಎರಡು ಕಥೆಗಳನ್ನು ಆಯ್ದು, ಒಂದನ್ನು ಮಗುವಿನಿಂದ ಓದಿಸಿ ಇನ್ನೊಂದನ್ನು ಮಗುವಿಗೆ ಓದಿ ಹೇಳಿ, ಎರಡರ ಮೇಲೂ ಪ್ರಶ್ನೆ ಕೇಳಿದರೆ, ತೊಡಕು ಲಿಪಿಯಲ್ಲಿದೆಯೋ ಭಾಷೆಯಲ್ಲಿದೆಯೋ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಬರೆಹದ ಪರೀಕ್ಷೆಗೆ ಉಕ್ತಲೇಖನಕ್ಕಿಂತ ಉತ್ತಮ ಸಾಧನವಿಲ್ಲ, ಆದರೆ ತಪ್ಪುಗಳ ಸಂಖ್ಯೆಯನ್ನು ಕೆಂಪುಶಾಯಿಯಲ್ಲಿ ಬರೆದು ಮುಗಿಸಿದರೆ ಅದರ ಪ್ರಯೋಜನವೇ ಕೆಡುತ್ತದೆ. ತಪ್ಪುಗಳನ್ನು ಜಾತಿವಾರಾಗಿ ವಿಂಗಡಿಸಬೇಕು. ಮನೆಮಾತಿನ ಉಚ್ಚಾರದಿಂದ ವಿವರಿಸಬಹುದಾದ ತಪ್ಪು ಒಂದು ಜಾತಿ, ಹಾಗೆ ವಿವರಿಸಲಾಗದ ತಪ್ಪು ಇನ್ನೊಂದು. ಮಹಾಪ್ರಾಣವನ್ನು ಆಡುಮಾತಿನಲ್ಲಿ ಕೇಳಿಯೇ ಇರದ ಮಗು ‘ಭಾಷೆ’ಯನ್ನು ‘ಬಾಸೆ’ ಎಂದು ಬರೆದರೆ ತಾನು ಕೇಳಿದ್ದನ್ನು ನಿಷ್ಠೆಯಿಂದ ಬರೆದಿದೆ. ಅದು ಶಿಷ್ಟರೂಢಿಯನ್ನು ಕಲಿಸಬೇಕಾದ ವಿಷಯ. ಹ್ರಸ್ವದೀರ್ಘಗಳ ಭೇದ, ಒತ್ತು ಇರುವ ಇಲ್ಲದ ಭೇದಗಳಾದರೋ ಕನ್ನಡದ ಸೀಮೆಸೀಮೆಯಲ್ಲಿಯೂ ಅರ್ಥವನ್ನು ಬದಲಿಸುವಂಥವು. ‘ಹಲ್ಲು’ ‘ಹಾಲು’ಗಳನ್ನು ಬಾಯಲ್ಲಿ ಎಂದೂ ತಪ್ಪದ ಮಗು ಬರೆಯುವಾಗ ಅವೆರಡನ್ನೂ ‘ಹಲು’ ಎಂದೇ ಬರೆಯುತ್ತಿದ್ದರೆ, ಧ್ವನಿಯನ್ನು ಲಿಪಿಗೆ ಹೊಂದಿಸುವ ವ್ಯಾಪಾರದಲ್ಲಿಯೇ ತೊಡಕಿರಬಹುದೆಂದು ಊಹಿಸಲು ಆಧಾರ ದೊರೆಯುತ್ತದೆ. ಕನ್ನಡ ಬಲ್ಲ ಪರೀಕ್ಷಕನ ಹೊರತು ಈ ವಿವೇಚನೆಯನ್ನು ಬೇರೆ ಯಾರೂ ಮಾಡಲಾರರು. ಮುದ್ರಿತ ಮಾನಕಪಟ್ಟಿಯಂತೂ ಮಾಡಲಾರದು.

ಲೆಕ್ಕದ ತೊಡಕುಗಳ ಅಧ್ಯಯನ ಓದಿನದಷ್ಟು ಬೆಳೆದಿಲ್ಲ. ಸಂಖ್ಯೆಯ ಪ್ರಮಾಣವನ್ನು ಗ್ರಹಿಸುವುದು, ಸ್ಥಾನಬೆಲೆ, ದಶಕ ತೆಗೆದುಕೊಂಡು ಕಳೆಯುವುದು, ಮಗ್ಗಿಯ ಸ್ಮರಣೆ, ಬಾಯಿಲೆಕ್ಕ ಇವುಗಳನ್ನು ಬೇರೆಬೇರೆಯಾಗಿ ನೋಡುತ್ತಾರೆ. ಇಲ್ಲಿಯೂ ಭಾಷೆಯ ಪ್ರಭಾವವುಂಟು: ಕನ್ನಡದ ‘ಇಪ್ಪತ್ತಮೂರು’ ಅಂಕಿಯಲ್ಲಿ ಬರೆಯುವ ಕ್ರಮದಲ್ಲಿಯೇ ಹತ್ತನ್ನು ಮೊದಲು, ಬಿಡಿಯನ್ನು ಆಮೇಲೆ ಹೇಳುತ್ತದೆ, ದಖನಿ ಅಥವಾ ಮರಾಠಿ ಮನೆಮಾತಿನ ಮಗು ನೂರರವರೆಗಿನ ಸಂಖ್ಯಾನಾಮಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಕಂಠಸ್ಥ ಮಾಡಬೇಕು.

ಮಾನಕೀಕೃತ ಪರೀಕ್ಷೆಗಳ ಅಂಕಗಳನ್ನು ಸಾಮಾನ್ಯವಾಗಿ ಸರಾಸರಿ 100, ವಿಚಲನೆ 15 ಎಂಬ ಮಾಪಕದಲ್ಲಿ ಕೊಡುವುದುಂಟು. ಆ ಲೆಕ್ಕದಲ್ಲಿ 85ಕ್ಕಿಂತ ಕೆಳಗೆ ಬರುವ ಮಕ್ಕಳು ಶೇಕಡ ಹದಿನಾರರಷ್ಟು. ಯಾವ ಅಂಕವೂ ಅಳತೆಯ ದೋಷದಿಂದ ಮುಕ್ತವಲ್ಲ. ಇಂದು 84 ಪಡೆದ ಮಗು ಇನ್ನೊಂದು ದಿನ 88 ಪಡೆಯಬಹುದು. ಸಂಖ್ಯೆಯನ್ನು ಈ ಅನಿಶ್ಚಿತಿಯ ಮೇರೆಗಳೊಡನೆಯೇ ಹೇಳುವುದು ಪ್ರಾಮಾಣಿಕವಾದ ಮಾರ್ಗ. ಒಂದೇ ಸಲದ ಅಂಕದ ಈ ಕೊರತೆಯನ್ನು ತುಂಬುವ ಮತ್ತೊಂದು ಕ್ರಮ ರಷ್ಯದ ಲೆವ್ ವೈಗೋಟ್ಸ್ಕಿಯವರ ವಿಚಾರದಿಂದ ಬೆಳೆದುಬಂದಿದೆ: ಮಗುವನ್ನು ಪರೀಕ್ಷಿಸಿ, ಕೂಡಲೇ ಸ್ವಲ್ಪ ಕಲಿಸಿ, ಮತ್ತೆ ಪರೀಕ್ಷಿಸಿ, ಎಷ್ಟು ಆಸರೆಯಿಂದ ಎಷ್ಟು ಮುಂದುವರಿಯಿತೆಂಬುದನ್ನು ನೋಡುವುದು. ಅರ್ಧ ಗಂಟೆಯ ಬೋಧನೆಯಿಂದ ಹೊಸ ಒತ್ತಕ್ಷರಗಳನ್ನು ಹಿಡಿದುಕೊಂಡ ಮಗುವಿಗೂ, ಅಷ್ಟೇ ಬೋಧನೆಯಿಂದ ಏನೂ ಹಿಡಿಯದ ಮಗುವಿಗೂ ಮೊದಲ ಪರೀಕ್ಷೆಯಲ್ಲಿ ಒಂದೇ ಅಂಕ ಬಂದಿರಬಹುದು. ಪಾಠ ದೊರೆಯದವರನ್ನೂ ಪಾಠ ಹಿಡಿಯಲಾರದವರನ್ನೂ ಬೇರ್ಪಡಿಸಲು, ಶಾಲೆಗಳು ಸಮನಾಗಿಲ್ಲದ ನಮ್ಮ ದೇಶದಲ್ಲಿ, ಇದಕ್ಕಿಂತ ನ್ಯಾಯವಾದ ವಿಧಾನ ಕಾಣದು.

ಕಾನೂನಿನ ಮನ್ನಣೆ ಈ ಮಕ್ಕಳಿಗೆ ತಡವಾಗಿ ಬಂದಿತು. 1995ರ ಅಧಿನಿಯಮದಲ್ಲಿ ಹೆಸರಿಲ್ಲದಿದ್ದ ನಿರ್ದಿಷ್ಟ ಕಲಿಕಾ ನ್ಯೂನತೆ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಇಪ್ಪತ್ತೊಂದು ನ್ಯೂನತೆಗಳ ಪಟ್ಟಿಯಲ್ಲಿ ಸೇರಿತು. 2018ರ ಆರಂಭದಲ್ಲಿ ಹೊರಟ ಕೇಂದ್ರದ ಮಾರ್ಗಸೂಚಿ, ಶಾಲೆಯಲ್ಲಿ ಪ್ರಾಥಮಿಕ ಪರಿಶೀಲನೆ, ಬುದ್ಧಿಪರೀಕ್ಷೆ, ಬಳಿಕ ನಿಮ್ಹಾನ್ಸ್ ಸಮುಚ್ಚಯದಿಂದ ನಿರ್ಣಯ ಎಂಬ ಕ್ರಮವನ್ನು ವಿಧಿಸಿ, ಪ್ರಮಾಣಪತ್ರಕ್ಕೆ ಮಗುವಿಗೆ ಎಂಟು ವರ್ಷವಾಗಿರಬೇಕೆಂದೂ, ಹದಿನಾಲ್ಕು ಮತ್ತು ಹದಿನೆಂಟನೆಯ ವಯಸ್ಸಿನಲ್ಲಿ ಪುನಃ ಪರೀಕ್ಷಿಸಬೇಕೆಂದೂ ಗೊತ್ತುಮಾಡಿತು. ಪ್ರಮಾಣಪತ್ರದಿಂದ ಪರೀಕ್ಷೆಗಳಲ್ಲಿ ಹೆಚ್ಚುವರಿ ಕಾಲ, ಬರೆದುಕೊಡುವ ಸಹಾಯಕ ಮುಂತಾದ ಸೌಕರ್ಯಗಳು ದೊರೆಯುತ್ತವೆ; ಅವು ಅಗತ್ಯವಾದವು. ಆದರೆ ಎಂಟು ವರ್ಷ ತುಂಬುವವರೆಗೆ ಪ್ರಮಾಣಪತ್ರವಿಲ್ಲವೆಂಬುದನ್ನು, ಎಂಟು ವರ್ಷ ತುಂಬುವವರೆಗೆ ಸಹಾಯವಿಲ್ಲವೆಂದು ಶಾಲೆಗಳು ಅರ್ಥ ಮಾಡಿಕೊಂಡಿರುವುದು ಶೋಚನೀಯ. ಒಂದನೆಯ ತರಗತಿಯ ಕೊನೆಗೆ ಅಕ್ಷರಗಳು ನಿಲ್ಲದ ಮಗುವಿಗೆ ಸಣ್ಣ ಗುಂಪಿನಲ್ಲಿ ದಿನವೂ ಹೆಚ್ಚಿನ ಪಾಠ ಕೊಡುವುದಕ್ಕೆ ಯಾವ ಪ್ರಾಧಿಕಾರದ ಮುದ್ರೆಯೂ ಬೇಕಾಗಿಲ್ಲ.

ಪರೀಕ್ಷೆಯ ಕೊನೆಗೆ ಬರೆಯುವ ವರದಿ ತರಗತಿಯ ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಅರ್ಥವಾಗುವ ಕನ್ನಡದಲ್ಲಿರಬೇಕು. ಇಂಗ್ಲಿಷಿನಲ್ಲಿ ಬರೆದ, ಅಂಕಗಳ ಕೋಷ್ಟಕದಿಂದ ತುಂಬಿದ ಪತ್ರಗಳು ಹಳ್ಳಿಯ ಮನೆಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿರುತ್ತವೆ, ಯಾರೂ ಓದಿರುವುದಿಲ್ಲ. ಯಾವ ಭಾಷೆಗಳಲ್ಲಿ ಪರೀಕ್ಷಿಸಲಾಯಿತು, ಶ್ರವಣ ದೃಷ್ಟಿಗಳು ಹೇಗಿವೆ, ಯಾವ ಅಕ್ಷರಗಳು ಬರುತ್ತವೆ, ಯಾವ ಗುಣಿತದಲ್ಲಿ, ಯಾವ ಒತ್ತಿನಲ್ಲಿ ತಡವರಿಕೆಯಿದೆ, ಕೇಳಿ ತಿಳಿಯುವ ಶಕ್ತಿ ಎಷ್ಟಿದೆ, ಮಗು ಚೆನ್ನಾಗಿ ಮಾಡುವ ಕೆಲಸಗಳಾವುವು, ನಾಳೆಯ ಪಾಠದಲ್ಲಿ ಮೊದಲು ಎತ್ತಿಕೊಳ್ಳಬೇಕಾದದ್ದು ಯಾವುದು ಎಂಬುದನ್ನು ಅದು ಹೆಸರಿಸಿ ಹೇಳಬೇಕು. ಆರು ತಿಂಗಳ ಬೋಧನೆಯ ಬಳಿಕ ಅದೇ ಪರೀಕ್ಷಕರೋ ಉಪಾಧ್ಯಾಯರೋ ಮಗುವನ್ನು ಮತ್ತೆ ನೋಡಿ, ಮೊದಲ ವರದಿಯ ಪಕ್ಕದಲ್ಲಿಯೇ ಎರಡನೆಯದನ್ನು ಬರೆಯಬೇಕು.